ಹತ್ರಿ ಮೇಡಂ, ಬಿಡ್ತೀನಿ

ನಮ್ಮ ವಿನೋಬನಗರದ ರಸ್ತೆಯಲ್ಲಿ ನಿಂತು ಶೂ ಲೇಸು ಕಟ್ಟಿಕೊಳ್ಳುವುದು ನೀವು ತಿಳಿದಷ್ಟು ಸುಲಭದ ಕೆಲಸವಲ್ಲ. ಬಗ್ಗಿ ಒಂದು ಗಂಟು ಹಾಕಿ ಇನ್ನೊಂದು ಕಾಲಿಗೆ ಕೈ ಹಚ್ಚುವಷ್ಟರಲ್ಲಿ ಪಕ್ಕದಲ್ಲೊಂದು ವಾಹನ ಬಂದು ನಿಂತಿರುತ್ತದೆ. ಅದು ಪರಿಚಯದವರ ಸ್ಕೂಟರ್ ಆಗಿರಬಹುದು, ಪರಿಚಯವೇ ಇಲ್ಲದವರ ಆಟೊ ಆಗಿರಬಹುದು, "ಯಾಕ್ರಿ, ಏನಾತು? ಹತ್ರಿ, ಬಿಡ್ತೀನಿ" ಎಂಬ ಮಾತು ಮಾತ್ರ ಒಂದೇ. ಬೇರೆ ಊರುಗಳಲ್ಲಿ ನಡಿಗೆಯನ್ನು ಆರೋಗ್ಯದ ಲಕ್ಷಣವೆಂದು ತಿಳಿಯುತ್ತಾರಂತೆ. ನಮ್ಮಲ್ಲಿ ಬೆಳಗಿನ ಒಂದೆರಡು ತಾಸು ಬಿಟ್ಟರೆ ಉಳಿದ ಹೊತ್ತಿನಲ್ಲಿ ರಸ್ತೆಯ ಮೇಲೆ ನಡೆಯುತ್ತಿರುವ ಮನುಷ್ಯನೆಂದರೆ ಗಾಡಿ ಕೆಟ್ಟವನು, ಪೆಟ್ರೋಲು ಮುಗಿದವನು, ಇಲ್ಲವೇ ಮನೆಯಲ್ಲಿ ಜಗಳವಾಡಿ ಹೊರಬಿದ್ದವನು. ಮೂವರೂ ಕರುಣೆಗೆ ಅರ್ಹರು. ನಾನು ಈ ಮೂರರಲ್ಲಿ ಯಾವುದೂ ಅಲ್ಲದೆ, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಕೇವಲ ನಡೆಯುವ ಸಲುವಾಗಿ ನಡೆಯುತ್ತಿದ್ದೇನೆಂದು ಊರಿಗೆ ಮನವರಿಕೆ ಮಾಡಿಕೊಡುವುದು ನಡೆಯುವುದಕ್ಕಿಂತ ಹೆಚ್ಚಿನ ಆಯಾಸದ ಕೆಲಸವಾಗಿತ್ತು.

ನಡೆಯಲು ಹೇಳಿದವರು ವೈದ್ಯರು. ಹೋದ ವರ್ಷ ನನ್ನ ಎಡ ಸ್ತನದಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆ, ಆಮೇಲೆ ಕೀಮೊ, ಆಮೇಲೆ ರೇಡಿಯೇಷನ್ ಎಂದು ವರ್ಷದ ಬಹುಪಾಲು ಹಾಗೇ ಕಳೆಯಿತು. ಎಲ್ಲ ಮುಗಿದ ದಿನ ವೈದ್ಯರು ಕಡತವನ್ನು ಮುಚ್ಚುತ್ತ, "ಇನ್ನು ಮೊದಲಿನ ಹಾಗೆ ವ್ಯಾಯಾಮ ಶುರು ಮಾಡಿ, ಅವಸರ ಬೇಡ, ಆದರೆ ಬಿಡಬೇಡಿ" ಎಂದರು. ಮೊದಲಿನ ಹಾಗೆ ಎಂಬ ಆ ಎರಡು ಪದಗಳನ್ನು ನಾನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಮನೆಗೆ ತಂದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. "ಮೊದಲು" ಎಂದು ಯಾರಾದರೂ ಹೇಳಿದರೆ "ಯಾವಾಗ? ಆಧಾರವೇನು?" ಎಂದು ಕೇಳುವುದು ನನ್ನ ವೃತ್ತಿಯ ದುರಭ್ಯಾಸ. ಆ ದಿನ ಮಾತ್ರ ಕೇಳಲಿಲ್ಲ. ಕೇಳಿದ್ದರೆ ಈ ಪ್ರಬಂಧಕ್ಕೆ ವಸ್ತು ಇರುತ್ತಿರಲಿಲ್ಲ.

ಮೊದಲ ವ್ಯಾಯಾಮ ಕಾಲಿನದಲ್ಲ, ಕೈಯದು. ಶಸ್ತ್ರಚಿಕಿತ್ಸೆಯಾದ ಕಡೆಯ ತೋಳು ಮೇಲೇಳುವುದನ್ನೇ ಮರೆತಿರುತ್ತದೆ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡದಂತೆ ಒಂದೊಂದಾಗಿ ಮೇಲಕ್ಕೆ ಹತ್ತಿಸಬೇಕು. ನಾನು ಆರಿಸಿಕೊಂಡದ್ದು ಅಡುಗೆಮನೆಯ ಗೋಡೆ, ಅದರ ಮೇಲೊಂದು ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್. ಮೊದಮೊದಲು ಬೆರಳು ಕ್ಯಾಲೆಂಡರಿನ ಕೆಳಗಿನ ಅಂಚಿಗೇ ದಣಿಯುತ್ತಿತ್ತು. ಕೆಲವು ವಾರಗಳಲ್ಲಿ ಅಮಾವಾಸ್ಯೆಯ ಸಾಲು ದಾಟಿ ಹುಣ್ಣಿಮೆಗೆ ಬಂತು. ಅದಾದ ಮೇಲೆ ಚಿತ್ರದಲ್ಲಿದ್ದ ಶಿವನ ಪಾದ ಸಿಕ್ಕಿತು, ನಂತರ ಮೊಣಕಾಲು. ಜಟೆಯ ಚಂದ್ರನನ್ನು ಮುಟ್ಟಿದ ದಿನ ಮನೆಯಲ್ಲಿ ಶಾವಿಗೆ ಪಾಯಸ ಮಾಡಿದೆ. ಒಗ್ಗರಣೆಯ ನಡುವೆ ಅರಿಶಿನದ ಕೈಯಲ್ಲೇ ಈ ಆರೋಹಣ ನಡೆಯುತ್ತಿದ್ದುದರಿಂದ ಗೋಡೆಯ ಮೇಲೆ ಹಳದಿ ಹೆಜ್ಜೆಗಳ ಒಂದು ದಾರಿಯೇ ಮೂಡಿತ್ತು. ದೀಪಾವಳಿಗೆ ಬಣ್ಣ ಹೊಡೆಯಲು ಬಂದವರು ಅದನ್ನು ಉಜ್ಜಲು ಹೋದಾಗ, ನಮ್ಮ ಮನೆಯವರು, ಬ್ಯಾಂಕಿನಿಂದ ನಿವೃತ್ತರಾಗಿ ಮಾತನ್ನೂ ಲೆಕ್ಕವಿಟ್ಟು ಖರ್ಚು ಮಾಡುವವರು, ಪತ್ರಿಕೆಯಿಂದ ತಲೆಯೆತ್ತದೆ, "ಅದೊಂದು ಗೋಡೆ ಹಂಗೇ ಇರ್ಲಿ ಬಿಡ್ರಿ" ಎಂದರು. ಈಗಲೂ ಹಾಗೇ ಇದೆ.

ಕಾಯಿಲೆಯವರನ್ನು ಮಾತಾಡಿಸಿಕೊಂಡು ಹೋಗುವುದು ನಮ್ಮೂರ ಕಟ್ಟುನಿಟ್ಟಿನ ಪದ್ಧತಿ. ಮದುವೆಗೆ ತಪ್ಪಿದರೆ ಕ್ಷಮೆಯುಂಟು, ಇದಕ್ಕೆ ತಪ್ಪಿದರೆ ಇಲ್ಲ. ಮೋಸಂಬಿಯ ಚೀಲ, ಎಳನೀರು, ಬಿಸ್ಕತ್ತಿನ ಪೊಟ್ಟಣಗಳೊಂದಿಗೆ ಬಂದವರು ಕೂತು, ಕಾಯಿಲೆಯ ಹೆಸರನ್ನು ಯಾರೂ ಎತ್ತದೆ, ಫ್ಯಾನಿನ ಬಗ್ಗೆ, ನೀರು ಬಿಡುವ ಹೊತ್ತಿನ ಬಗ್ಗೆ ಮಾತಾಡಿ ಎದ್ದು ಹೋಗುತ್ತಿದ್ದರು. ಅವರ ಒಳ್ಳೆಯತನವನ್ನು ನಾನು ಮರೆಯಲಾರೆ. ಒಂದೇ ಒಂದು ತೊಡಕು: ಆ ವರ್ಷವಿಡೀ ನಾನು ಏನು ಹೇಳಿದರೂ ಎಲ್ಲರೂ ಒಪ್ಪಿಬಿಡುತ್ತಿದ್ದರು. ಈ ಸಲ ಸೆಖೆ ಕಡಿಮೆ ಎಂದರೆ, ಬೆವರು ಒರೆಸಿಕೊಳ್ಳುತ್ತಲೇ, "ಹೌದೌದ್ರಿ, ಭಾಳ ಕಡಿಮಿ" ಎನ್ನುತ್ತಿದ್ದರು. ಮೂವತ್ತು ವರ್ಷ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯೂ ನನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಒಪ್ಪಿದ್ದಿಲ್ಲ.

ಹೀಗೆ ಯಾರೂ ತಡೆಯದ ಹೊತ್ತಿನಲ್ಲಿಯೇ ನನ್ನ ನೆನಪು ಕೊಬ್ಬತೊಡಗಿತೆಂದು ಈಗ ಅನಿಸುತ್ತದೆ. ಹಾಸಿಗೆಯಲ್ಲಿ ಮಲಗಿದವಳಿಗೆ ಹಳೆಯ ತನ್ನನ್ನು ನೆನೆಯುವುದೇ ಕಾಲಕ್ಷೇಪ. ಕಾಯಿಲೆಗೆ ಮುಂಚೆ ನಾವು ಆರು ಮಂದಿ ಹೆಂಗಸರು ಬೆಳಗ್ಗೆ ಮೈದಾನ ಸುತ್ತುತ್ತಿದ್ದೆವು. ನಡೆದು ಕರಗಿಸಿದ್ದನ್ನು ಬೆಣ್ಣೆದೋಸೆ ತಿಂದು ಮರಳಿ ತುಂಬಿಸಿಕೊಂಡು ಮನೆ ಸೇರುತ್ತಿದ್ದೆವು. ದೇಹಕ್ಕೂ ನಷ್ಟವಿಲ್ಲ, ಹೋಟೆಲಿಗೂ ನಷ್ಟವಿಲ್ಲ. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಹರಿಹರದ ಹತ್ತಿರದ ಕೊಂಡಜ್ಜಿಗೆ ಹೋಗಿ, ಕೆರೆಯ ಏರಿಯ ಮೇಲೆ ತುದಿಯವರೆಗೆ ನಡೆದು, ವಾಪಸು ಬಂದು ಬುತ್ತಿ ಬಿಚ್ಚುವುದು ನಮ್ಮ ಗುಂಪಿನ ವಾಡಿಕೆ. ಆ ಏರಿಯನ್ನು ನಾನು ಮಲಗಿದಲ್ಲೇ ಎಷ್ಟೋ ಸಲ ನಡೆದೆ. ಎಲ್ಲರಿಗಿಂತ ಮುಂದೆ ನಾನು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಕ್ಕೆ ನೀರು, ಏರಿಯ ತುದಿಯಲ್ಲೊಂದು ಬೇವಿನ ಮರ, ಅದರ ಸುತ್ತ ಕಲ್ಲಿನ ಕಟ್ಟೆ, ನಾನು ಮೊದಲು ತಲುಪಿ ಕಟ್ಟೆಯ ಮೇಲೆ ಕೂತು ಉಳಿದವರನ್ನು "ಬರ್ರಿ, ಬರ್ರಿ" ಎಂದು ಕೂಗುತ್ತಿದ್ದೇನೆ. ಬೇವಿನ ಹೂವಿನ ವಾಸನೆಯೂ ಬರುತ್ತಿತ್ತು. ಚಳಿಗಾಲದಲ್ಲಿ ಬೇವು ಹೂ ಬಿಡುವುದಿಲ್ಲ ಎಂದು ಆಗ ಹೊಳೆಯಲಿಲ್ಲ.

ನನ್ನ ನೆನಪು ಇಂಥ ಕೈಚಳಕ ತೋರಿಸುವುದು ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಒಂದು ಬೇಸಿಗೆ ತುಂಗಭದ್ರೆ ಬತ್ತಿ ಮರಳಾಗಿದ್ದಾಗ ಬರಿಗಾಲಲ್ಲಿ ಆಚೆ ದಡ ಮುಟ್ಟಿ ಬಂದದ್ದು ನನಗೆ ಅಂಗಾಲಿನ ಉರಿಯ ಸಮೇತ ನೆನಪಿದೆ. ಈ ಕಥೆಯನ್ನು ಮದುವೆಯಾದ ಹೊಸತರಲ್ಲಿ ಗಂಡನಿಗೆ ಹೇಳಿ ಮೆಚ್ಚುಗೆಯನ್ನೂ ಪಡೆದಿದ್ದೆ. ಎಷ್ಟೋ ವರ್ಷಗಳ ಮೇಲೆ ನಮ್ಮಣ್ಣ ಊಟಕ್ಕೆ ಕೂತಾಗ ಅದೇ ಕಥೆಯನ್ನು, ಅದೇ ಉರಿಯ ಸಮೇತ, ತನ್ನದೆಂದು ಹೇಳಿದ. ನಾನು ಪ್ರತಿಭಟಿಸಿದರೆ, "ನೀನು ಹೊಳಿ ಮೆಟ್ಟಿಲ ಮ್ಯಾಲೆ ನನ್ನ ಚಪ್ಲಿ ಹಿಡಕೊಂಡು ಅಳ್ತಾ ಕುಂತಿದ್ದೆ" ಎಂದ. ಅಂದಿನಿಂದ ನಾನು ದಿನಚರಿ ಬರೆಯುವ ರೂಢಿ ಹಾಕಿಕೊಂಡೆ. ಆದರೆ ದಿನಚರಿ ಬರೆಯುವವಳೂ ನಾನೇ ಎಂಬ ದೋಷ ಅದರಲ್ಲಿ ಉಳಿದೇ ಇದೆ.

ಇರಲಿ, ನಡಿಗೆಗೆ ಬರುತ್ತೇನೆ. ವೈದ್ಯರು ಹೇಳಿದ್ದು ದಿನಾ ಅರ್ಧ ಗಂಟೆ, ನಿಲ್ಲದೆ. ಬೆಳಗಿನ ಚಳಿಗೆ ಕೆಮ್ಮು ಬರುತ್ತಿತ್ತಾದ್ದರಿಂದ ನಾನು ಸಂಜೆಯನ್ನು ಆರಿಸಿಕೊಂಡೆ, ಅಲ್ಲಿಗೆ ಕೊಟ್ರೇಶಪ್ಪನವರ ಕೈಗೆ ಸಿಕ್ಕಿಬಿದ್ದೆ. ಕೊಟ್ರೇಶಪ್ಪ ನಮ್ಮ ಓಣಿಯ ಹಿಟ್ಟಿನ ಗಿರಣಿಯವರು. ಹುಬ್ಬಿನಿಂದ ಹಿಡಿದು ಚಪ್ಪಲಿಯವರೆಗೆ ಸದಾ ಹಿಟ್ಟು ಮೆತ್ತಿಕೊಂಡ, ತೂಕದ ದೇಹದ, ಅದಕ್ಕೂ ಹೆಚ್ಚು ತೂಕದ ಅಂತಃಕರಣದ ಮನುಷ್ಯ. ಬೀಸಿದ ಜೋಳದ ಹಿಟ್ಟಿನ ಡಬ್ಬಿಗಳನ್ನು ಮೊಪೆಡ್ಡಿನ ಮುಂದೆ ಇಟ್ಟುಕೊಂಡು ಸಂಜೆ ಮನೆಮನೆಗೆ ಮುಟ್ಟಿಸಲು ಹೊರಡುವ ಹೊತ್ತೂ ನಾನು ಶೂ ಹಾಕಿ ಹೊರಬೀಳುವ ಹೊತ್ತೂ ಒಂದೇ.

"ಹತ್ರಿ ಮೇಡಂ, ಬಿಡ್ತೀನಿ."

"ಬ್ಯಾಡ ಕೊಟ್ರೇಶಪ್ಪಾರೆ, ವಾಕಿಂಗ್ ಹೊಂಟೀನಿ."

"ಅದಕ್ಕೇನೈತ್ರಿ, ಎಲ್ಲಿ ತನ ವಾಕಿಂಗ್ ಹೇಳ್ರಿ, ಅಲ್ಲಿ ತನ ಬಿಡ್ತೀನಿ."

ಈ ತರ್ಕಕ್ಕೆ ಉತ್ತರ ಕೊಡಲು ಯಾವ ವಿಶ್ವವಿದ್ಯಾಲಯದಲ್ಲೂ ಕಲಿಸುವುದಿಲ್ಲ. ಬೇಡವೆಂದರೆ ಅವರು ಮುಂದೆ ಹೋಗದೆ ಮೊಪೆಡ್ಡನ್ನು ನನ್ನ ವೇಗಕ್ಕೆ ಇಳಿಸಿ, ಎರಡೂ ಕಾಲನ್ನು ನೆಲಕ್ಕೆ ಎಳೆಯುತ್ತ, ಮೆರವಣಿಗೆಯಂತೆ ಜೊತೆಗೆ ಬರುತ್ತಿದ್ದರು. ಹಿಂದೆ ಆಟೊಗಳು ಹಾರ್ನ್ ಹೊಡೆಯುತ್ತಿದ್ದವು. ನಾಚಿಕೆಯಿಂದಲೇ ಹತ್ತಿ ಕೂತು, ಸೆರಗಿನ ಮೇಲೆ ಹಿಟ್ಟಿನ ಗುರುತು ಹೊತ್ತುಕೊಂಡು ಮನೆಗೆ ಬಂದ ಸಂಜೆಗಳು ಕಡಿಮೆಯಲ್ಲ. "ಇವತ್ತಿನ ವಾಕಿಂಗಿಗೆ ಜ್ವಾಳದ್ದೋ ಗೋಧಿದೋ?" ಎಂದು ಮನೆಯವರು ಕೇಳುತ್ತಿದ್ದರು. ನಾನು ಗಿರಣಿಯ ರಸ್ತೆ ತಪ್ಪಿಸಿ ಹಿಂದಿನ ಓಣಿಗಳಲ್ಲಿ ನಡೆದರೆ, ಅಲ್ಲಿ ಬಾಗಿಲಲ್ಲಿ ಕೂತ ಹೆಂಗಸರು ಕುರ್ಚಿ ಹಾಕಿ, "ಕೂಡ್ರಿ, ಮುಖ ಬಾಡೈತಿ" ಎಂದು ನೀರು ಕೊಡುತ್ತಿದ್ದರು. ವೈದ್ಯರು ಹೇಳಿದ ನಿಲ್ಲದ ಅರ್ಧ ಗಂಟೆ ಈ ದಯಾಮಯ ನಗರದಲ್ಲಿ ದೊರೆಯುವ ಲಕ್ಷಣ ಕಾಣಲಿಲ್ಲ.

ಕೊಂಡಜ್ಜಿಯ ದಿನ ಹತ್ತಿರ ಬಂತು. ನಮ್ಮ ಗುಂಪಿನ ಮುಖ್ಯಸ್ಥೆ ಸುವರ್ಣಕ್ಕ, ಬಟ್ಟೆ ಅಂಗಡಿಯ ಮನೆತನದವಳು, ನನಗಿಂತ ಎರಡು ವರ್ಷ ಹಿರಿಯಳು. ಚಿಕಿತ್ಸೆಯ ಕಾಲದಲ್ಲಿ ನನ್ನ ತಲೆಗೆ ಕಟ್ಟಿಕೊಳ್ಳಲು ಮೆತ್ತನೆಯ ಹತ್ತಿ ಬಟ್ಟೆಯ ತುಂಡುಗಳನ್ನು ಕತ್ತರಿಸಿ ತಂದು ಕೊಟ್ಟವಳು. ಅವಳು ಫೋನಿನಲ್ಲಿ ಅತ್ಯಂತ ನಯವಾಗಿ ಹೇಳಿದಳು: ಈ ವರ್ಷ ನೀನೂ ಬಾ, ಟೆಂಪೊದಲ್ಲಿ ಮುಂದಿನ ಸೀಟು ನಿನಗೆ, ನಾವು ಏರಿ ನಡೆದು ಬರುವ ತನಕ ನೀನು ನೆರಳಲ್ಲಿ ಚಾಪೆ ಹಾಕಿ ಡಬ್ಬಿ ಕಾಯುತ್ತ ಕೂತಿರು.

ಡಬ್ಬಿ ಕಾಯುವುದು. ಓದುಗರೇ, ಕೂದಲು ಹೋದಾಗ ನಾನು ಅತ್ತಿರಲಿಲ್ಲ. ಈ ಫೋನು ಬಂದ ರಾತ್ರಿ ಮಾತ್ರ ಊಟ ಸೇರಲಿಲ್ಲ. ಕಾಯಿಲೆ ನನ್ನಿಂದ ಏನನ್ನು ತೆಗೆದುಕೊಂಡಿತು ಎಂಬುದಕ್ಕೆ ಅಲ್ಲಿಯವರೆಗೆ ನನ್ನಲ್ಲಿ ಸ್ಪಷ್ಟವಾದ ಉತ್ತರವಿರಲಿಲ್ಲ, ಈಗ ಸಿಕ್ಕಿತು. ಏರಿಯ ತುದಿ ಮುಟ್ಟುವವಳೊಬ್ಬಳಿದ್ದಳು, ಅವಳನ್ನು ತೆಗೆದುಕೊಂಡು ಡಬ್ಬಿ ಕಾಯುವವಳನ್ನು ಬಿಟ್ಟು ಹೋಗಿತ್ತು. ಈ ಸಲ ತುದಿ ಮುಟ್ಟಿದರೆ ನಾನು ವಾಪಸು ಬಂದಂತೆ, ಇಲ್ಲವಾದರೆ ಮುಂದೆಂದೂ ಇಲ್ಲ ಎಂದು ನನಗೆ ನಾನೇ ಒಂದು ಷರತ್ತು ಹಾಕಿಕೊಂಡೆ. ಅರವತ್ತು ದಾಟಿದವರು ಇಂಥ ಷರತ್ತು ಹಾಕಿಕೊಳ್ಳಬಾರದು, ಗೊತ್ತು. ಮರುದಿನದಿಂದ ಮನೆಯ ಮಹಡಿಯ ಮೇಲೆ, ಒಣಹಾಕಿದ ಹಪ್ಪಳಗಳ ನಡುವೆ, ಊರಿನ ಕರುಣೆಗೆ ಕಾಣದಂತೆ ಗೋಡೆಯಿಂದ ಗೋಡೆಗೆ ನಡೆಯತೊಡಗಿದೆ.

ಆ ಬೆಳಗ್ಗೆ ಟೆಂಪೊ ಕೊಂಡಜ್ಜಿ ತಲುಪಿದಾಗ ಕೆರೆ ತುಂಬಿತ್ತು. ಸ್ಕೌಟ್ಸ್ ಮೈದಾನದ ಕಡೆಯಿಂದ ಮಕ್ಕಳ ಸೀಟಿಯ ಸದ್ದು ಬರುತ್ತಿತ್ತು. ಸುವರ್ಣಕ್ಕ ನನಗಾಗಿ ಚಾಪೆ ಕೊಡವುತ್ತಿದ್ದಳು. ನಾನು ಮೊದಲೇ ಸಿದ್ಧಪಡಿಸಿಕೊಂಡಿದ್ದ ಮಾತನ್ನು ಗಂಭೀರವಾಗಿ ಹೇಳಿದೆ: "ಪ್ರತಿ ವರ್ಷ ಎಲ್ಲಾರಿಗಿಂತ ಮುಂಚೆ ಏರಿ ತುದಿ ಮುಟ್ಟಿದಾಕಿ ನಾನು. ನನ್ನನ್ನ ಕೂರಿಸಬ್ಯಾಡ್ರಿ."

ಚಾಪೆ ಕೊಡವುವ ಕೈ ನಿಂತಿತು.

"ಯಾರು? ನೀನಾ?" ಎಂದಳು ಸುವರ್ಣಕ್ಕ.

ಆಮೇಲೆ ನಕ್ಕಳು. ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು, ಆಗಲಿಲ್ಲ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿ, ಕಾಯಿಲೆಯಿಂದ ಎದ್ದವಳ ಮುಂದೆ ನಗಬಾರದೆಂದು ಬಿಗಿಹಿಡಿದು, ಕೊನೆಗೆ ಅವರೂ ಕೈಚೆಲ್ಲಿದರು.

"ಏನವ್ವಾ ಮೇಡಂ, ಯಾವತ್ತು ಮುಟ್ಟೀಯ ನೀನು ತುದಿನ? ಅರ್ಧಕ್ಕೆ ಹೋಗೋದು, ಚಪ್ಲಿ ಕಚ್ಚತೈತಿ ಅನ್ನೋದು, ವಾಪಸ್ ಬಂದು ಡಬ್ಬಿ ಮುಂದ ಕೂರೋದು. ನಾವು ಬರೋದ್ರಾಗ ಮೆಣಸಿನಕಾಯಿ ಬಜ್ಜಿ ಅರ್ಧ ಖಾಲಿ. ಯಾಕ, ಈ ವರ್ಷ ಡಬ್ಬಿ ಕಾಯಿ ಅಂತ ಸುಮ್ನ ಹೇಳಿದ್ನಾ? ಅದು ನಿನ್ನ ಜಾಗನ ಅಂತ ಹೇಳಿದ್ದು."

"ಬೇವಿನ ಮರದ ಕಟ್ಟೆ ಮೇಲೆ ನಾನು ಕೂತಿದ್ದು..." ಎಂದೆ ಕ್ಷೀಣವಾಗಿ.

"ಯಾವ ಬೇವಿನ ಮರ? ಯಾವ ಕಟ್ಟಿ?"

ಅವಮಾನವಾಗಬೇಕಿತ್ತು. ಆದರೆ ಆ ಕ್ಷಣದಲ್ಲಿ ನನ್ನೊಳಗೆ ಎದ್ದದ್ದು, ಬಹಳ ದಿನ ಮುಚ್ಚಿದ್ದ ಕೋಣೆಯ ಕಿಟಕಿ ತೆರೆದಂಥ ಒಂದು ಹಿತ. ವರ್ಷದ ಮೇಲೆ ಮೊದಲ ಸಲ ಒಬ್ಬರು ನನ್ನ ಮುಖಕ್ಕೆ "ಅಲ್ಲ" ಎಂದಿದ್ದರು. ನಾನು ಮತ್ತೆ ಅಲ್ಲಗಳೆಯಬಹುದಾದ, ಗೇಲಿ ಮಾಡಬಹುದಾದ ಮನುಷ್ಯಳಾಗಿದ್ದೆ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು: ಕಾಯಿಲೆ ತೆಗೆದುಕೊಂಡು ಹೋಯಿತೆಂದು ನಾನು ದುಃಖಿಸುತ್ತಿದ್ದ ಆ ನಡಿಗೆಗಾರ್ತಿ ಎಂದೂ ಇದ್ದೇ ಇರಲಿಲ್ಲ. ಇಲ್ಲದವಳನ್ನು ಕಳೆದುಕೊಳ್ಳುವುದು ಹೇಗೆ? ನಾನು ಯಾರ ಬಳಿಗೂ ವಾಪಸು ಹೋಗಬೇಕಾಗಿರಲಿಲ್ಲ. ಹೋಗಬೇಕಾದದ್ದು ತುದಿಗೆ ಮಾತ್ರ.

"ಹಂಗಾದ್ರೆ ಇವತ್ತು ನೋಡಿ ಬರ್ತೀನಿ, ಏನೈತಿ ಅಲ್ಲಿ ಅಂತ" ಎಂದೆ. ಸುವರ್ಣಕ್ಕ ನನ್ನ ಮುಖವನ್ನೊಮ್ಮೆ ನೋಡಿ ಚಾಪೆ ಸುತ್ತಿಟ್ಟಳು. ಡಬ್ಬಿಗಳನ್ನು ಟೆಂಪೊದೊಳಗೆ ಇಟ್ಟು ಬಾಗಿಲು ಹಾಕಿದರೆ ಕಾಯುವ ಅಗತ್ಯವೇ ಇಲ್ಲ ಎಂಬುದು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಅಥವಾ ನನ್ನ ಮರ್ಯಾದೆ ಉಳಿಸಲು ಹೊಳೆಯದಂತೆ ಇದ್ದರೋ ಏನೋ.

ಉಳಿದ ನಾಲ್ವರು ಮುಂದೆ ಹೋದರು. ಸುವರ್ಣಕ್ಕ ತನ್ನ ಮಂಡಿನೋವಿನ ನೆಪ ಹೇಳಿ ನನ್ನ ಜೊತೆಗೇ ಉಳಿದಳು. ಅರ್ಧ ದಾರಿಯವರೆಗೆ ಗಾಳಿ, ನೀರು, ಬೆಳ್ಳಕ್ಕಿ ಎಲ್ಲ ಚಂದ ಕಂಡವು. ಅರ್ಧದ ನಂತರ ನನಗೆ ಕಂಡದ್ದು ನನ್ನ ಶೂಗಳು ಮಾತ್ರ. ಎಡ ತೋಳು ಭಾರವಾಯಿತು, ಉಸಿರು ಗಂಟಲಲ್ಲೇ ನಿಂತು ಒಳಗೆ ಹೋಗಲು ಚೌಕಾಸಿ ಮಾಡತೊಡಗಿತು. ನಿಂತೆ. ಅಷ್ಟರಲ್ಲಿ, ನೀವು ಊಹಿಸಿದಿರಿ, ಹಿಂದಿನಿಂದ ಒಂದು ಬೈಕು ಬಂದು ಪಕ್ಕಕ್ಕೆ ನಿಂತಿತು. ಹಾಲಿನ ಕ್ಯಾನು ಕಟ್ಟಿಕೊಂಡ ಊರಿನವರೊಬ್ಬರು.

"ಯಾಕ್ರಿ ಅಕ್ಕಾರೆ, ದಣಿವಾತೇನು? ಹತ್ರಿ, ತುದಿಗೆ ಬಿಡ್ತೀನಿ."

ಸುಳ್ಳೇಕೆ ಹೇಳಲಿ, ನಾನು ಆ ಸೀಟನ್ನು ಬಹಳ ಹೊತ್ತು ನೋಡಿದೆ. ಹತ್ತಿ ಕೂತರೆ ಎರಡು ನಿಮಿಷ. ನನ್ನ ನೆನಪಿನ ಸ್ವಭಾವ ನನಗೆ ಗೊತ್ತಿತ್ತು. ಒಂದೆರಡು ವರ್ಷದಲ್ಲಿ ಅದು ಬೈಕನ್ನು ಅಳಿಸಿ, ಹಾಲಿನ ಕ್ಯಾನನ್ನು ಅಳಿಸಿ, ನಾನು ಸೆರಗು ಸಿಕ್ಕಿಸಿಕೊಂಡು ನಡೆದೇ ತಲುಪಿದೆನೆಂದು ಪ್ರಾಮಾಣಿಕವಾಗಿ ಹೇಳುತ್ತಿತ್ತು. ಬೇಕಿದ್ದರೆ ಬೇವಿನ ಮರವನ್ನೂ ಮತ್ತೆ ನೆಡುತ್ತಿತ್ತು. ನಾನು ಸುವರ್ಣಕ್ಕನ ಕಡೆ ನೋಡಿದೆ. ಅವಳು ಮಂಡಿ ಉಜ್ಜಿಕೊಳ್ಳುತ್ತ ಕೆರೆಯನ್ನು ನೋಡುತ್ತಿದ್ದಳು.

"ಬ್ಯಾಡಪ್ಪ, ನೀ ಹೋಗು. ನಡೀತೀನಿ" ಎಂದೆ. ಬೈಕು ಹೋದ ಮೇಲೆ ಇನ್ನಷ್ಟು ಹೊತ್ತು ನಿಂತು, ಉಸಿರಿನ ಚೌಕಾಸಿ ಮುಗಿದ ಮೇಲೆ ಹೆಜ್ಜೆ ಎತ್ತಿದೆ. ಮತ್ತೆ ನಿಂತೆ. ಮತ್ತೆ ನಡೆದೆ. ತುದಿ ತಲುಪಿ ಬಿಸಿಲಲ್ಲಿ ಕೂತು ಬೇಸತ್ತಿದ್ದ ನಾಲ್ವರು, "ಬರ್ರಿ, ಬರ್ರಿ" ಎಂದು ಕೂಗುತ್ತಿದ್ದುದು ಕೇಳಿಸಿತು. ನೆನಪಿನಲ್ಲಿ ಆ ಕೂಗು ಸರಿಯಾಗಿಯೇ ಇತ್ತು, ಕೂಗುವವರು ಮಾತ್ರ ಬೇರೆ.

ತುದಿಯಲ್ಲಿ ಬೇವಿನ ಮರವಿರಲಿಲ್ಲ. ಕಟ್ಟೆಯೂ ಇರಲಿಲ್ಲ. ಅದು ಬಹುಶಃ ಲೋಕಿಕೆರೆಯಲ್ಲಿ ಒಬ್ಬ ಶಿಷ್ಯೆಯ ಮದುವೆಗೆ ಹೋದಾಗ ಕೂತ ಕಟ್ಟೆಯಿರಬೇಕು. ಅಥವಾ ಎಲ್ಲಿಯದೂ ಅಲ್ಲ. ಇಲ್ಲಿದ್ದದ್ದು ಒಂದು ಒರಟು ಕಲ್ಲುಚಪ್ಪಡಿ, ಒಂದಿಷ್ಟು ಜಾಲಿ ಗಿಡ, ನಮ್ಮನ್ನು ಮೆಲುಕು ಹಾಕುತ್ತ ನೋಡುತ್ತಿದ್ದ ಒಂದು ಎಮ್ಮೆ. ನೆನಪಿಟ್ಟುಕೊಳ್ಳುವಂಥದ್ದು ಏನೂ ಇರಲಿಲ್ಲ. ನಾನು ಆ ಚಪ್ಪಡಿಯ ಮೇಲೆ ಕೂತು, ಇಷ್ಟು ಸಾಧಾರಣವಾದ ಜಾಗಕ್ಕೆ ನಾನೇ ಬಂದಿದ್ದೇನಲ್ಲ ಎಂದು ಸಂತೋಷಪಟ್ಟೆ. ವಾಪಸು ಬರುವಾಗ ಅರ್ಧಕ್ಕೆ ಸುವರ್ಣಕ್ಕನ ಮಂಡಿ ನಿಜವಾಗಿಯೂ ಕೈಕೊಟ್ಟಿತು. ಅವಳು ನನ್ನ ಬಲಗೈ ಹಿಡಿದು ನಡೆದಳು, ದಾರಿಯುದ್ದಕ್ಕೂ ನನ್ನ ನಡಿಗೆಯ ನಿಧಾನವನ್ನು ಬೈಯುತ್ತ. ಮೆಣಸಿನಕಾಯಿ ಬಜ್ಜಿ ಆರಿತ್ತು. ಮಂಡಕ್ಕಿಯೊಂದಿಗೆ ಅದನ್ನು ತಿಂದಷ್ಟು ರುಚಿಯಾಗಿ ನಾನು ಬೇರೇನನ್ನೂ ತಿಂದಂತೆ ನೆನಪಿಲ್ಲ. ಈ ನೆನಪನ್ನು ನೀವು ಅಷ್ಟಕ್ಕಷ್ಟೇ ನಂಬಬೇಕು.

ಮನೆಗೆ ಬಂದು ಗಂಡನನ್ನು ಕೇಳಿದೆ: "ನಾನು ಎಂದೂ ತುದಿ ತನ ಹೋಗಿರ್ಲಿಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಹೂಂ."

"ಮತ್ತೆ ವರ್ಷವಿಡೀ ನಾನು ಹೇಳಿದ್ದಕ್ಕೆಲ್ಲ ಯಾಕೆ ಗೋಣು ಹಾಕಿದಿರಿ?"

ಅವರು ಕನ್ನಡಕ ತೆಗೆದು ಒರೆಸಿದರು. "ಅವಾಗ ಹೆಂಗೆ ಅಲ್ಲ ಅನ್ನೋದು?" ಎಂದರು. ಕನ್ನಡಕ ಮತ್ತೆ ಏರಿಸಿಕೊಂಡು, "ಆ ಹೊಳಿ ದಾಟಿದ್ದೂ ನಿಮ್ಮಣ್ಣನೇ" ಎಂದರು.

ಇದೆಲ್ಲ ಆಗಿ ಕೆಲವು ವಾರಗಳಾದವು. ಈಗ ಕೆಮ್ಮಿಲ್ಲ, ಬೆಳಗ್ಗೆ ಗುಂಪಿನ ಜೊತೆ ಮೈದಾನ ಸುತ್ತುತ್ತೇನೆ, ಎಲ್ಲರಿಗಿಂತ ಹಿಂದೆ. ಹೋದ ಶುಕ್ರವಾರ ಮಧ್ಯಾಹ್ನ ಸಂತೆಯಿಂದ ಬರುತ್ತಿದ್ದೆ. ಬಿಸಿಲು ಬೆನ್ನ ಮೇಲಿತ್ತು, ಚೀಲದಲ್ಲಿ ಒಂದು ದೊಡ್ಡ ಕುಂಬಳಕಾಯಿ. ಆಟೊ ಒಂದೂ ಕಾಣಲಿಲ್ಲ. ಒಂದು ಶೂವಿನ ಲೇಸು ಬಿಚ್ಚಿತ್ತು. ರಸ್ತೆಯ ಬದಿಗೆ ಚೀಲವಿಳಿಸಿ, ಬಗ್ಗಿ, ಗಂಟು ಹಾಕುತ್ತಿದ್ದಾಗ ಹಿಂದಿನಿಂದ ಪರಿಚಿತವಾದ ಮೊಪೆಡ್ಡಿನ ಸದ್ದು ಕೇಳಿತು. ಒಪ್ಪಿಕೊಳ್ಳುತ್ತೇನೆ, ಆ ದಿನ ನನಗೆ ಆ ಸದ್ದು ಸಂಗೀತದಂತಿತ್ತು. ಬಾಯಲ್ಲಿ "ಅಯ್ಯೋ, ಬ್ಯಾಡ ಕೊಟ್ರೇಶಪ್ಪಾರೆ" ಎಂಬ ಮಾತನ್ನೂ, ಮನಸ್ಸಿನಲ್ಲಿ ಕುಂಬಳಕಾಯಿಯನ್ನು ಎಲ್ಲಿಡುವುದೆಂಬ ಏರ್ಪಾಟನ್ನೂ ಸಿದ್ಧಮಾಡಿಕೊಂಡು ತಲೆಯೆತ್ತಿದೆ.

ಕೊಟ್ರೇಶಪ್ಪ ಹಿಟ್ಟಿನ ಕೈ ಒಂದನ್ನು ಅರ್ಧ ಎತ್ತಿ, ನಿಲ್ಲಿಸದೆ, ತಿರುವಿನಲ್ಲಿ ಮರೆಯಾದರು.

ಅರ್ಧ ಹಾಕಿದ್ದ ಗಂಟನ್ನು ಹಾಕಿ ಮುಗಿಸಿದೆ. ವೈದ್ಯರ ಯಾವ ವರದಿಯೂ ನನಗೆ ಅಷ್ಟು ನಂಬಿಕೆ ಕೊಟ್ಟಿರಲಿಲ್ಲ. ಅವರು ನನ್ನನ್ನು ನೋಡಿ, ಇವಳಿಗಿನ್ನು ಲಿಫ್ಟ್ ಬೇಡವೆಂದು ತೀರ್ಮಾನಿಸಿಯೇ ಕೈ ಎತ್ತಿದರೆಂದು ಆ ರಾತ್ರಿ ದಿನಚರಿಯಲ್ಲಿ ಬರೆಯಲು ಕೂತೆ. ಆಮೇಲೆ ಪೆನ್ನು ನಿಂತಿತು. ಕೈ ಎತ್ತಿದ್ದು ನನಗೋ, ಎದುರಿನ ಅಂಗಡಿಯವರಿಗೋ? ಅವರು ನನ್ನನ್ನು ನೋಡಿಯೇ ಇರಲಿಲ್ಲವೇನೋ. ಓಣಿಯ ಎಷ್ಟೋ ಹೆಂಗಸರಲ್ಲಿ ಒಬ್ಬಳು ಬಗ್ಗಿ ಏನೋ ಕಟ್ಟಿಕೊಳ್ಳುತ್ತಿದ್ದಳು, ಅಷ್ಟೇ ಅವರ ಕಣ್ಣಿಗೆ ಬಿದ್ದಿರಬಹುದು. ಹಾಗಿದ್ದರೆ ಅದು ಇನ್ನೂ ಒಳ್ಳೆಯದು. ಕೇಳಿ ತಿಳಿಯುವ ಇರಾದೆ ನನಗಿಲ್ಲ.

ಕುಂಬಳಕಾಯಿ ಮಾತ್ರ ಮನೆ ಮುಟ್ಟುವ ತನಕ ಬಲು ಭಾರವಾಗಿತ್ತು. ದಾರಿಯಲ್ಲಿ ಕೈ ಬದಲಿಸಿದೆ. ಸ್ವಲ್ಪ ದೂರ ಎಡಗೈಯಲ್ಲೂ ಹಿಡಿದೆ.